ಮಸಾಯಿ ಮಾರಾದಲ್ಲಿ ಒಬ್ಬನನ್ನು ಕಾಣೆ ಮಾಡಿದ ಕಥೆ

ಮೊದಲ ಡ್ರಾಫ್ಟ್‌ನಲ್ಲಿ ರಘುವನ್ನು ಸಿಂಹ ತಿಂದುಬಿಟ್ಟಿತ್ತು. ರಾತ್ರಿ ಹನ್ನೊಂದು ಗಂಟೆ, ಹೊರಗೆ ಸೆಕೆ, ಮೊಬೈಲ್‌ಗೆ ಸಿಗ್ನಲ್ ಇಲ್ಲ, ರಘು ಒಬ್ಬನೇ ಟೆಂಟಿನಿಂದ ಆಚೆ ಬರುತ್ತಾನೆ, ಗೆಳೆಯ ವಿನಯ ಪೊದೆ ಹಿಂದೆ ರೈಫಲ್ ಹಿಡಿದು ಕೂತಿದ್ದಾನೆ, ರಘು ಹೆದರಿ ಟೆಂಟಿನೊಳಗೆ ಓಡಿ ಜಿಪ್ ಎಳೆದುಕೊಳ್ಳುತ್ತಾನೆ, ಅಷ್ಟರಲ್ಲಿ ಸಿಂಹ ಬಂದು ಜಿಪ್ ಹರಿದು ಒಳಗೆ ನುಗ್ಗುತ್ತದೆ. ಇದನ್ನೆಲ್ಲ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಊಟದ ಟೇಬಲ್ ಮೇಲೆ ಕೂತು, ಟಿವಿಯಲ್ಲಿ ನೋಡಿದ ಆಫ್ರಿಕಾವನ್ನು ನೆನಪು ಮಾಡಿಕೊಂಡು ಬರೆದಿದ್ದೆ. ಬರೆಯುವಾಗ ನನಗೇ ಮೈ ಜುಂ ಅಂದಿತ್ತು. ಆ ಒಂದು ಪುಟದಲ್ಲೇ ಐದಾರು ತಪ್ಪು ಇದ್ದವು ಅಂತ ಗೊತ್ತಾಗೋಕೆ ಕೀನ್ಯಾಕ್ಕೇ ಹೋಗಬೇಕಾಯಿತು.

ನಾನು ಒಂದು ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿದ್ದೇನೆ. 19 ವರ್ಷವಾಯಿತು. ಸತ್ತವರ ಕಾಗದ ನೋಡಿ ನೋಡಿ ಅಭ್ಯಾಸವಾಗಿದೆ, ಆದರೆ ಕಾಣೆಯಾದವರ ಫೈಲು ಬಂದರೆ ಈಗಲೂ ಕೈ ಒಂದು ಕ್ಷಣ ನಿಲ್ಲುತ್ತದೆ. ಹೆಣ ಇಲ್ಲ, ಡೆತ್ ಸರ್ಟಿಫಿಕೇಟ್ ಇಲ್ಲ. ನಮ್ಮ ಕಾನೂನಿನ ಪ್ರಕಾರ ಒಬ್ಬ ಮನುಷ್ಯನ ಸುದ್ದಿ, ಅವನು ಬದುಕಿದ್ದರೆ ಯಾರಿಗೆ ಸಹಜವಾಗಿ ಗೊತ್ತಾಗಬೇಕಿತ್ತೋ ಅವರಿಗೇ 7 ವರ್ಷ ಸಿಗದಿದ್ದರೆ, ಸತ್ತಿದ್ದಾನೆ ಅಂತ ಕೋರ್ಟು ತಿಳಿಯಬಹುದು. ಅಲ್ಲಿವರೆಗೆ ಪಾಲಿಸಿ ಲ್ಯಾಪ್ಸ್ ಆಗಬಾರದು ಅಂದರೆ ಮನೆಯವರು ಪ್ರೀಮಿಯಂ ಕಟ್ಟುತ್ತಲೇ ಇರಬೇಕು. ಹೀಗೆ ಒಬ್ಬ ಹೆಣ್ಣುಮಗಳು ವರ್ಷಕ್ಕೊಮ್ಮೆ ನಮ್ಮ ಕೌಂಟರ್‌ಗೆ ಬಂದು, ಇಲ್ಲದ ಗಂಡನ ಹೆಸರಿಗೆ ದುಡ್ಡು ಕಟ್ಟಿ, ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು. ಅಳುತ್ತಿರಲಿಲ್ಲ. ಒಂದು ದಿನ ಅವಳ ಬೆನ್ನು ನೋಡುತ್ತಾ ಇದ್ದಾಗ ನನ್ನ ಕೆಟ್ಟ ತಲೆಗೆ ಒಂದು ಯೋಚನೆ ಬಂತು. ಗಂಡ ಎಲ್ಲಿದ್ದಾನೆ ಅಂತ ಈಕೆಗೆ ಗೊತ್ತಿದ್ದರೆ? ಪಾಪ, ಆಕೆಗೇನೂ ಗೊತ್ತಿರಲಿಲ್ಲ ಬಿಡಿ. ಆದರೆ ಕಾದಂಬರಿ ಹುಟ್ಟಿದ್ದು ಅಲ್ಲೇ.

ಕಥೆಗೆ ಹೆಣ ಸಿಗದಂಥ ಜಾಗ ಬೇಕಿತ್ತು. ಸಮುದ್ರ ಎಲ್ಲರೂ ಬಳಸಿ ಹಳಸಿದೆ. ಹಿಮಾಲಯ ನನಗೆ ಗೊತ್ತಿಲ್ಲ. ಆಫ್ರಿಕಾವೂ ಗೊತ್ತಿರಲಿಲ್ಲ, ಆದರೆ ಗೊತ್ತಿದೆ ಅಂದುಕೊಂಡಿದ್ದೆ, ಅದೇ ಎಡವಟ್ಟು. ಕಥೆ ಇಷ್ಟು: ಒಂದೇ ಕಾಲೇಜಿನಲ್ಲಿ ಓದಿದ ಗೆಳೆಯರು, ಅವರ ಹೆಂಡಂದಿರು, ಒಟ್ಟು ಹನ್ನೊಂದು ಜನ ಸಫಾರಿಗೆ ಹೋಗುತ್ತಾರೆ, ಹತ್ತು ಜನ ವಾಪಸ್ ಬರುತ್ತಾರೆ. ರಘುವಿಗೆ ಸಾಲ ಇತ್ತು, ದೊಡ್ಡ ಪಾಲಿಸಿ ಇತ್ತು. ವಿನಯನಿಗೆ ಒಂದು ಗುಟ್ಟು ಗೊತ್ತಿತ್ತು. ರಘುವಿನ ಹೆಂಡತಿ ಶಾಲಿನಿಗೆ ಎಷ್ಟು ಗೊತ್ತಿತ್ತು ಅನ್ನೋದೇ ಪ್ರಶ್ನೆ.

ಡ್ರಾಫ್ಟನ್ನು ಇಬ್ಬರಿಗೆ ಕೊಟ್ಟೆ. ನಮ್ಮ ಅಕ್ಕ ಎರಡು ದಿನದಲ್ಲಿ ಓದಿ, "28ನೇ ಅಧ್ಯಾಯದಲ್ಲಿ ಬಿಚ್ಚೋ ಗುಟ್ಟು ನನಗೆ 6ನೇದರಲ್ಲೇ ಗೊತ್ತಾಯ್ತಲ್ಲೇ" ಅಂದಳು. ಇನ್ನೊಬ್ಬ, ನೈರೋಬಿಯಲ್ಲಿ ಅಕೌಂಟ್ಸ್ ಕೆಲಸದಲ್ಲಿರೋ ಚಿಕ್ಕಮ್ಮನ ಮಗ. ಅವನು ಫೋನ್ ಮಾಡಿ ಮೊದಲು ಹತ್ತು ಸೆಕೆಂಡು ಬರೀ ನಕ್ಕ. "ಅಕ್ಕಾ, ಇಲ್ಲಿ ಬೇಟೆ 1977ರಲ್ಲೇ ನಿಷೇಧ ಆಗಿದೆ. ಟೂರಿಸ್ಟ್ ಕೈಗೆ ರೈಫಲ್ ಎಲ್ಲಿಂದ ಬರಬೇಕು? ನೀನು ಬಂದು ನೋಡಿ ಬರಿ ಮಾರಾಯ್ತಿ" ಅಂದ.

ನಮ್ಮವರನ್ನು ಒಪ್ಪಿಸೋಕೆ ಎರಡು ತಿಂಗಳು ಹಿಡೀತು. ಆಗಸ್ಟ್‌ನಲ್ಲೇ ಹೋಗಬೇಕು ಅಂತ ನನ್ನ ಹಟ, ಯಾಕೆಂದರೆ ಜುಲೈಯಿಂದ ಅಕ್ಟೋಬರ್ ಹೊತ್ತಿಗೆ ವೈಲ್ಡ್‌ಬೀಸ್ಟ್ ಅನ್ನೋ ಎತ್ತಿನಂಥ ಕಾಡುಪ್ರಾಣಿಗಳು ತಾಂಜಾನಿಯಾದ ಸೆರೆಂಗೆಟಿಯಿಂದ ಕೀನ್ಯಾದ ಮಸಾಯಿ ಮಾರಾ ಮೀಸಲು ಪ್ರದೇಶಕ್ಕೆ ಬಂದಿರುತ್ತವೆ. ಆದರೆ ದುಬಾರಿ ಕಾಲವೂ ಅದೇ. ಜುಲೈಯಿಂದ ಡಿಸೆಂಬರ್‌ವರೆಗೆ ವಿದೇಶದವರಿಗೆ ಮಾರಾದ ಪ್ರವೇಶ ಶುಲ್ಕವೇ ತಲೆಗೆ 200 ಡಾಲರ್, ಅದೂ ಬೆಳಿಗ್ಗೆ 6ರಿಂದ ಸಂಜೆ 6ಕ್ಕೆ. "ಇಷ್ಟು ದುಡ್ಡಿಗೆ ನಿನ್ನ ಕಾದಂಬರಿ ಎಷ್ಟು ಕಾಪಿ ಮಾರಬೇಕು ಲೆಕ್ಕ ಹಾಕಿದ್ದೀಯಾ?" ಅಂತ ಕೇಳಿದರು. ಹಾಕಿದ್ದೆ. ಹೇಳಲಿಲ್ಲ.

ಹೋಗುವ ಮುಂಚೆ ಹಳದಿ ಜ್ವರದ ಲಸಿಕೆ. ಹೊರಡೋ 10 ದಿನ ಮೊದಲಾದರೂ ಹಾಕಿಸಿಕೊಂಡಿರಬೇಕು. ಅದಕ್ಕೆ ಸರ್ಕಾರ ಒಪ್ಪಿದ ಕೇಂದ್ರಗಳೇ ಬೇರೆ, ಅಲ್ಲಿ ಸೂಜಿ ಚುಚ್ಚಿ ಒಂದು ಸಣ್ಣ ಹಳದಿ ಪುಸ್ತಕ ಕೊಡುತ್ತಾರೆ. ಹೆಸರು, ಪಾಸ್‌ಪೋರ್ಟ್ ನಂಬರ್, ತಾರೀಕು, ಸೀಲು. ಅದನ್ನು ಪಾಸ್‌ಪೋರ್ಟಿನ ಜೊತೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡೆ, ಆಮೇಲೆ ಮರೆತುಬಿಟ್ಟೆ. ಆ ಪುಸ್ತಕದ ವಿಷಯಕ್ಕೆ ಮತ್ತೆ ಬರುತ್ತೇನೆ.

ನೈರೋಬಿಯಿಂದ ಮಾರಾಕ್ಕೆ ವಿಮಾನದಲ್ಲಿ ಹೋದರೆ ಮುಕ್ಕಾಲು ಗಂಟೆ, ನಾವು ಹೋಗಿದ್ದು ರಸ್ತೆಯಲ್ಲಿ. ರಿಫ್ಟ್ ಕಣಿವೆ ಇಳಿದು, ನಾರೋಕ್ ಊರು ದಾಟಿ, ಸೆಕೆನಾನಿ ಗೇಟು ಮುಟ್ಟೋಕೆ ಆರು ಗಂಟೆ. ಲ್ಯಾಂಡ್ ಕ್ರೂಸರ್‌ನಲ್ಲಿ ನಾನು, ನಮ್ಮವರು, ನೈರೋಬಿಯ ಆ ತಮ್ಮ, ಅವನ ಹೆಂಡತಿ, ಎರಡು ಮಕ್ಕಳು. ಆರು ತಲೆ. ಗಾಡಿ ಓಡಿಸುತ್ತಿದ್ದವರು ಐವತ್ತು ದಾಟಿದ, ಅಲ್ಲಿನ ಮಸಾಯಿ ಬುಡಕಟ್ಟಿನ ಗೈಡ್. ತಮ್ಮ ಅವರನ್ನು ಮ್ಝೇ ಅಂತ ಕರೆಯುತ್ತಿದ್ದ, ನಮ್ಮ ಕಡೆ ಯಜಮಾನ್ರೇ ಅಂದ ಹಾಗೆ, ನಾವೂ ಹಾಗೇ ಕರೆದೆವು. ಮ್ಝೇಗೆ ಒಂದು ಅಭ್ಯಾಸ ಇತ್ತು. ಎಲ್ಲೇ ನಿಲ್ಲಿಸಿ ಹೊರಟರೂ ಕೀ ತಿರುಗಿಸುವ ಮುಂಚೆ ಕನ್ನಡಿಯಲ್ಲಿ ನೋಡಿ ಎಣಿಸುತ್ತಿದ್ದರು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಮೋಜಾ, ಮ್ಬಿಲಿ, ತಾತು, ನ್ನೇ, ತಾನೋ, ಸಿತಾ. ಆಮೇಲೆ ಗಾಡಿ ಸ್ಟಾರ್ಟ್. ಮಕ್ಕಳು ಎರಡನೇ ದಿನಕ್ಕೆ ಅದನ್ನೇ ಆಟ ಮಾಡಿಕೊಂಡವು.

ದಾರಿಯುದ್ದಕ್ಕೂ ನನಗೆ ಅಲ್ಲಿನ ಭಾಷೆ ಸ್ವಾಹಿಲಿಯ ಪದಗಳ ಹುಚ್ಚು ಹಿಡಿಯಿತು. ಗಾಡಿಗೆ ಅವರು ಗಾರಿ ಅಂತಾರೆ. ದುಡ್ಡಿಗೆ ಪೇಸಾ, ಅಂಗಡಿಗೆ ದುಕಾ, ಔಷಧಿಗೆ ದಾವಾ. ದವಾಖಾನೆ, ದುಕಾನು ಅಂತ ಆಡಿ ಬೆಳೆದ ಹುಬ್ಬಳ್ಳಿಯವಳಿಗೆ ಇನ್ನೇನು ಬೇಕು? ಸುದ್ದಿಗೆ ಹಬಾರಿ, ನಮ್ಮ ಖಬರ್. ನನ್ನ ಹೊಟ್ಟೆಪಾಡಿನ ವಿಮೆಗೆ ಬಿಮಾ! ಆಮೇಲೆ ಮೆಲ್ಲಗೆ ಕೇಳಿದೆ, ಗುಟ್ಟಿಗೆ ಏನಂತೀರಿ? ಮ್ಝೇ ಹೇಳಿದರು: ಸಿರಿ. ನಾನು ಸೀಟಿನಿಂದ ಎದ್ದೇ ಬಿಟ್ಟೆ. ನಮ್ಮಲ್ಲಿ ಸಂಪತ್ತು, ಅಲ್ಲಿ ಗುಟ್ಟು. ಪಾಲಿಸಿ ದುಡ್ಡಿಗೋಸ್ಕರ ಮುಚ್ಚಿಟ್ಟ ಗುಟ್ಟಿನ ಕಥೆಗೆ ಇದಕ್ಕಿಂತ ಒಳ್ಳೆ ಹೆಸರು ಎಲ್ಲಿ ಸಿಗಬೇಕು? ಅಲ್ಲಿವರೆಗೆ ಕಾದಂಬರಿಯ ಹೆಸರು 'ರಕ್ತದ ಸಫಾರಿ' ಅಂತಿತ್ತು. ನಗಬೇಡಿ.

ಗೇಟು ದಾಟಿ ಒಳಗೆ ಹೋದ ಮೇಲೆ ಮೊದಲ ಹೊಡೆತ ಬಿದ್ದಿದ್ದು ಜಾಗದಿಂದಲೇ. ನನಗೆ ಕಾಡು ಅಂದರೆ ಕಬಿನಿ, ದಾಂಡೇಲಿ. ಮೂವತ್ತು ಅಡಿ ಆಚೆ ಏನಿದೆ ಕಾಣಲ್ಲ, ಅದಕ್ಕೇ ಹೆದರಿಕೆ. ಮಾರಾದಲ್ಲಿ ಪೊದೆಗಳೇ ಕಡಿಮೆ. ಮೈಲಿಗಟ್ಟಲೆ ಹುಲ್ಲು, ನಡುವೆ ಒಂದು ಮರ, ಆ ಮರದ ಕೆಳಗೆ ಯಾರಿದ್ದಾರೆ ಅನ್ನೋದು ಇಲ್ಲಿಂದಲೇ ಕಾಣುತ್ತೆ. 1,510 ಚದರ ಕಿಲೋಮೀಟರ್ ಬಯಲಿನಲ್ಲಿ ಮನುಷ್ಯನನ್ನು ಎಲ್ಲಿ ಬಚ್ಚಿಡಲಿ? ವಿನಯನ ಪೊದೆ ಅಲ್ಲೇ ಹೋಯಿತು. ರೈಫಲ್ ಮೊದಲೇ ಹೋಗಿತ್ತು.

ಸೆಕೆಯೂ ಹೋಯಿತು. ಮಾರಾ ಇರೋದು ಸಮುದ್ರಮಟ್ಟದಿಂದ 1,500 ಮೀಟರಿಗೂ ಮೇಲೆ, ಆಗಸ್ಟ್ ರಾತ್ರಿ ಹಲ್ಲು ಕಟಕಟ ಅನ್ನೋ ಚಳಿ, ನಾವು ತಗೊಂಡು ಹೋಗಿದ್ದು ಬರೀ ಹತ್ತಿ ಬಟ್ಟೆ. ಮೊದಲ ರಾತ್ರಿ ಊಟ ಮುಗಿಸಿ ಬಂದು ಹಾಸಿಗೆಗೆ ಕಾಲು ಚಾಚಿದೆ. ಕಾಲಿಗೆ ಬೆಚ್ಚಗೆ, ಮೆತ್ತಗೆ, ತುಪ್ಪಳ ಇದ್ದದ್ದು ಏನೋ ತಗುಲಿತು. ನಾನು ಕಿರುಚಿದ್ದು ಪಕ್ಕದ ಮೂರು ಟೆಂಟಿಗೆ ಕೇಳಿಸಿತಂತೆ. ನೋಡಿದರೆ ಬಿಸಿನೀರು ತುಂಬಿದ ರಬ್ಬರ್ ಚೀಲ, ಮೇಲೊಂದು ಉಣ್ಣೆ ಗವಸು. ಚಳಿಗೆ ಅಂತ ಕ್ಯಾಂಪಿನವರು ಎಲ್ಲರ ಹಾಸಿಗೆಯಲ್ಲೂ ಇಟ್ಟಿರುತ್ತಾರೆ. ಮರುದಿನ ಯಾರೂ ಏನೂ ಹೇಳಲಿಲ್ಲ, ಎಲ್ಲರೂ ಸ್ವಲ್ಪ ಜಾಸ್ತಿ ನಗುತ್ತಾ ಗುಡ್ ಮಾರ್ನಿಂಗ್ ಅಂದರು. ಕಾದಂಬರಿಯಲ್ಲಿ ಇದು ಹಾಗೇ ಇದೆ. ರಘು ಕಾಣೆಯಾದ ರಾತ್ರಿ ಶಾಲಿನಿ ಟೆಂಟಿಗೆ ಬರುತ್ತಾಳೆ, ಹಾಸಿಗೆಯಲ್ಲಿ ಎರಡು ಬಿಸಿನೀರಿನ ಚೀಲ. ಒಂದು ಅವನದು. ಕ್ಯಾಂಪಿನ ಹುಡುಗನಿಗೆ ಇನ್ನೂ ಸುದ್ದಿ ತಲುಪಿಲ್ಲ. ಶಾಲಿನಿ ಆ ಎರಡನೇ ಚೀಲವನ್ನು ಏನು ಮಾಡುತ್ತಾಳೆ ಅನ್ನೋದರಲ್ಲಿ ಅವಳ ಬಗ್ಗೆ ಎಲ್ಲ ಇದೆ. ನನಗೆ ತೀರಾ ಇಷ್ಟವಾದ ಪುಟ ಅದು.

ಆ ರಾತ್ರಿ ಇನ್ನೊಂದು ವಿಷಯ ತಿಳಿಯಿತು. ಕತ್ತಲಾದ ಮೇಲೆ ಟೆಂಟಿನಿಂದ ಊಟದ ಜಾಗಕ್ಕೂ ಒಬ್ಬರೇ ನಡೆಯುವಂತಿಲ್ಲ. ಟಾರ್ಚ್ ಆಡಿಸಬೇಕು, ಕಾವಲುಗಾರ ಬರುತ್ತಾನೆ, ಅವನಿಗೆ ಅಸ್ಕಾರಿ ಅಂತಾರೆ, ಕೈಯಲ್ಲಿ ಈಟಿ, ಮೈಮೇಲೆ ಶುಕಾ ಅನ್ನೋ ಕೆಂಪು ಹೊದಿಕೆ. ಕರೆದುಕೊಂಡು ಹೋಗಿ ಬಿಟ್ಟು ಬರುತ್ತಾನೆ. ನಾನು ಮೊದಲು ಬೇಜಾರು ಮಾಡಿಕೊಂಡೆ, ನನ್ನ ಕಥೆಯ ಜನ ರಾತ್ರಿ ಹೊತ್ತು ಒಬ್ಬರ ಟೆಂಟಿಗೆ ಒಬ್ಬರು ಕದ್ದು ಓಡಾಡುತ್ತಾರಲ್ಲ. ಮಲಗಿದ ಮೇಲೆ ಹೊಳೆಯಿತು. ಓಡಾಡಲಿ ಬಿಡು. ಆದರೆ ಯಾರು ಎಷ್ಟು ಹೊತ್ತಿಗೆ ಯಾರ ಟೆಂಟಿನಿಂದ ಹೊರಟರು ಅನ್ನೋದು ಒಬ್ಬನಿಗೆ ಗೊತ್ತಿರುತ್ತೆ, ಮತ್ತು ಇಡೀ ಪುಸ್ತಕದಲ್ಲಿ ಅವನನ್ನು ಯಾರೂ ಏನೂ ಕೇಳಲ್ಲ, ಕೊನೆವರೆಗೂ.

ರಾತ್ರಿ ಗಾಡಿಯಲ್ಲಿ ಹೋಗೋ ದೃಶ್ಯಕ್ಕೂ ಹೀಗೇ ಆಯ್ತು. ಮೀಸಲು ಪ್ರದೇಶದ ಒಳಗೆ ಕತ್ತಲಾದ ಮೇಲೆ ಸಫಾರಿ ಇಲ್ಲ. ಅಂಚಿನಲ್ಲಿ ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಗುತ್ತಿಗೆಗೆ ಕೊಟ್ಟಿರೋ ಕನ್ಸರ್ವೆನ್ಸಿಗಳಿವೆ, ಮಾರಾ ನಾರ್ತ್, ನಬೊಯಿಶೋ, ಹೀಗೆ. ಅಲ್ಲಿ ರಾತ್ರಿ ಸಫಾರಿಯೂ ಉಂಟು, ನಡೆದಾಡುವ ಸಫಾರಿಯೂ ಉಂಟು. ಹಾಗಾಗಿ ಕಥೆಯ ಕ್ಯಾಂಪನ್ನೇ ಎತ್ತಿ ಆಚೆ ಇಟ್ಟೆ. ಸಿಗ್ನಲ್ ಇಲ್ಲ ಅನ್ನೋದನ್ನಂತೂ ಮೊದಲ ದಿನವೇ ಹೊಡೆದು ಹಾಕಿದೆ, ಮ್ಝೇ ಸಿಂಹದ ಪಕ್ಕ ಗಾಡಿ ನಿಲ್ಲಿಸಿಕೊಂಡು ಮಗಳ ಸ್ಕೂಲ್ ಫೀಸು ಎಂ-ಪೇಸಾದಲ್ಲಿ ಕಟ್ಟಿದರು. 2007ರಿಂದ ಅವರಿಗೆ ಮೊಬೈಲ್‌ನಲ್ಲಿ ದುಡ್ಡು ಕಳಿಸೋದು ರೂಢಿ. ನಮಗೆ ಯುಪಿಐ ಬಂದಿದ್ದು 2016ರಲ್ಲಿ.

ಎರಡನೇ ದಿನ ಧೈರ್ಯ ಮಾಡಿ ಮ್ಝೇಗೆ ಕಥೆ ಹೇಳಿದೆ. ಅವರು ಪೂರ್ತಿ ಕೇಳಿ, "ಸಿಂಹ ಹಾಗೆ ಮಾಡಲ್ಲ" ಅಂದರು. "ಸಿಂಹಕ್ಕೆ ಟೆಂಟು ಅಂದರೆ ಒಂದು ಬಂಡೆ ಇದ್ದಂತೆ. ಜಿಪ್ ತೆಗೆಯೋದು ಮಂಗ." ನಿಜಕ್ಕೂ ಅಲ್ಲಿ ಮಂಗಗಳು ಜಿಪ್ ತೆಗೆದು ಒಳಗೆ ಹೋಗಿ ಬಿಸ್ಕೆಟ್ ಕದಿಯುತ್ತವೆ, ಅದಕ್ಕೆ ಜಿಪ್‌ಗೆ ಕೊಂಡಿ ಹಾಕಿಸುತ್ತಾರೆ.

ಹೆಣ ಸಿಗಬಾರದು, ಏನು ಮಾಡಲಿ ಅಂದೆ. ಅವರು ಗಾಡಿ ನಿಲ್ಲಿಸಿ, ಇಳಿದು, ಕಡ್ಡಿಯಲ್ಲಿ ನೆಲದಿಂದ ಒಂದು ಬಿಳಿ ಉಂಡೆ ಎತ್ತಿ ತೋರಿಸಿದರು. ಸುಣ್ಣದ ಉಂಡೆ ಅಂದುಕೊಂಡೆ. ಕತ್ತೆಕಿರುಬದ ಲದ್ದಿ. ಎಲುಬನ್ನೂ ಕಡಿದು ಜೀರ್ಣಿಸಿಕೊಳ್ಳುತ್ತೆ, ಅದರ ಸುಣ್ಣದಿಂದಲೇ ಆ ಬಿಳಿ. "ಇದು ಏನನ್ನೂ ಬಿಡಲ್ಲ. ಬಟ್ಟೆ ಬಿಡುತ್ತೆ" ಅಂದರು. ನನ್ನೊಳಗಿನ ಕ್ಲೇಮ್ ಆಫೀಸರ್ ಆ ಮಾತಿಗೆ ಕಿವಿ ನಿಮಿರಿಸಿದಳು. ಬಟ್ಟೆ ಬಿಡುತ್ತೆ. ಹಾಗಾದರೆ ಆ ಬಟ್ಟೆ ಹೇಗಿರುತ್ತೆ ಅಂತ ನಾನಾಗಿದ್ದರೆ ಮೊದಲು ಕೇಳುತ್ತಿದ್ದೆ. ಈಗ ಕಾದಂಬರಿಯಲ್ಲಿ ಮೂರು ದಿನದ ಮೇಲೆ ರಘುವಿನ ಶರ್ಟು ಸಿಗುತ್ತದೆ, ಹರಿದಿದೆ, ರಕ್ತ ಇದೆ, ಎಲ್ಲ ಸರಿ, ಆದರೆ ಗುಂಡಿಗಳನ್ನು ಬಿಚ್ಚಲಾಗಿದೆ. ಕತ್ತೆಕಿರುಬ ಗುಂಡಿ ಬಿಚ್ಚಲ್ಲ.

ಇದನ್ನು ಹೇಳುವಾಗ ಸ್ವಲ್ಪ ಕಸಿವಿಸಿ ಆಗುತ್ತೆ, ಯಾಕೆ ಅಂತಲೂ ಹೇಳಿಬಿಡುತ್ತೇನೆ. 1988ರ ಸೆಪ್ಟೆಂಬರ್‌ನಲ್ಲಿ ಮಾರಾದಲ್ಲೇ 28 ವರ್ಷದ ಒಬ್ಬ ಬ್ರಿಟಿಷ್ ಯುವತಿಯ ಕೊಲೆಯಾಯಿತು. ಅಧಿಕಾರಿಗಳು ಮೊದಲು ಪ್ರಾಣಿಗಳ ಮೇಲೆ ಹಾಕಿದರು. ಅವಳ ಅಪ್ಪ ಒಪ್ಪದೆ ವರ್ಷಗಟ್ಟಲೆ ಬೆನ್ನು ಹತ್ತಿದರು. ಸಿಕ್ಕ ಎಲುಬು ಕತ್ತರಿಸಿದ್ದು ಅಂತ ವೈದ್ಯರು ಬರೆದಿದ್ದ ಮಾತನ್ನು ಮರಣೋತ್ತರ ವರದಿಯಲ್ಲಿ ಹರಿದದ್ದು ಅಂತ ತಿದ್ದಲಾಗಿತ್ತು.  ಇಬ್ಬರು ರೇಂಜರ್‌ಗಳ ಮೇಲೆ ಕೇಸಾಯಿತು, 1992ರಲ್ಲಿ ಬಿಡುಗಡೆ. ಆಮೇಲೆ ಹಿಂದಿನ ವಾರ್ಡನ್ ಮೇಲೆ, 1999ರಲ್ಲಿ ಅವರೂ ಬಿಡುಗಡೆ. ಇವತ್ತಿಗೂ ಯಾರಿಗೂ ಶಿಕ್ಷೆಯಾಗಿಲ್ಲ. ನಾನು ಟೆಂಟಿನಲ್ಲಿ ಕಂಬಳಿ ಹೊದ್ದು ಇದನ್ನು ಮೊಬೈಲ್‌ನಲ್ಲಿ ಓದಿದೆ, ಹೊರಗೆ ನಿಜವಾದ ಕತ್ತೆಕಿರುಬ ಕೂಗುತ್ತಿತ್ತು. ಅವಳ ಕಥೆಯಿಂದ ಒಂದು ಎಳೆಯನ್ನೂ ಎತ್ತಬಾರದು ಅಂತ ಅವತ್ತೇ ತೀರ್ಮಾನಿಸಿದೆ. ಅದಕ್ಕೇ ನನ್ನ ರಘು ನಿಜವಾಗಿ ಸತ್ತಿಲ್ಲ. ಕೊಲೆ ಇರೋ ಕಾದಂಬರಿ ಆಗಬೇಕಿದ್ದದ್ದು ಓಡಿಹೋದವನ ಕಾದಂಬರಿ ಆಯಿತು. ನನಗೆ ಅದೇ ಮೇಲು ಅನಿಸುತ್ತೆ, ಕೊಂದವನಿಗಿಂತ ಬದುಕಿದ್ದೂ ಹೆಂಡತಿ ಕೈಲಿ ಏಳು ವರ್ಷ ರಸೀದಿ ಹರಿಸಿದವನು ದೊಡ್ಡ ದ್ರೋಹಿ ಅಲ್ವಾ?

ಮೂರನೇ ದಿನ ನದಿ. ಮಾರಾ ನದಿಯ ದಂಡೆಯಲ್ಲಿ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ನಿಂತೆವು. ಆಚೆ ದಡದಲ್ಲಿ ಸಾವಿರಾರು ವೈಲ್ಡ್‌ಬೀಸ್ಟ್. ನಮ್ಮೂರಲ್ಲಿ ಎತ್ತಿನ ಸಂತೆ ನಡೆದ ಹಾಗೆ ಧೂಳು, ವಾಸನೆ, ಮೂಗಿನಲ್ಲಿ ಎಳೆದಂಥ ಗ್ನೂ ಗ್ನೂ ಸದ್ದು. ಒಂದು ಜೀಬ್ರಾ ನೀರಿನ ಅಂಚಿಗೆ ಬರುತ್ತೆ, ಹಿಂದೆ ನೂರು ವೈಲ್ಡ್‌ಬೀಸ್ಟ್ ಒತ್ತುತ್ತವೆ, ಜೀಬ್ರಾ ಏನೋ ನೆನಪಾದವರ ಹಾಗೆ ತಿರುಗುತ್ತೆ, ಎಲ್ಲವೂ ಬಂದ ದಾರಿಯಲ್ಲಿ ಓಡುತ್ತವೆ. ಹೀಗೆ ಹನ್ನೊಂದು ಸಲ, ನಾನು ಎಣಿಸಿದೆ. ನಮ್ಮವರು ಮಲಗಿಬಿಟ್ಟರು. ಮಕ್ಕಳು ಚಕ್ಕುಲಿ ಡಬ್ಬಿ ಖಾಲಿ ಮಾಡಿದವು. ಹನ್ನೆರಡೂಕಾಲಿಗೆ ಯಾವುದೇ ಕಾರಣ ಇಲ್ಲದೆ ಒಂದು ಹಾರಿತು. ಅಷ್ಟೇ. ಆಮೇಲೆ ದಡ ಕುಸಿದಂತೆ ಎಲ್ಲವೂ ಸುರಿದವು. ನಾನು ಮೊಸಳೆ ಹುಡುಕುತ್ತಿದ್ದೆ, ಮೊಸಳೆ ಕಂಡಿತು ಕೂಡ, ಆದರೆ ಕಣ್ಣೆದುರು ಸತ್ತವು ಮೊಸಳೆಗಲ್ಲ, ಒಂದರ ಮೇಲೊಂದು ಬಿದ್ದು ಮುಳುಗಿ. ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ, ವರ್ಷಕ್ಕೆ ಸರಾಸರಿ 6,250 ವೈಲ್ಡ್‌ಬೀಸ್ಟ್‌ಗಳು ಈ ನದಿಯಲ್ಲಿ ಹೀಗೆ ಮುಳುಗಿ ಸಾಯುತ್ತವಂತೆ.

ಆಗ ನಾನು ಒಂದು ಕೆಲಸ ಮಾಡಿದೆ, ಇಡೀ ಪ್ರವಾಸದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ. ನದಿಗೆ ಬೆನ್ನು ಹಾಕಿ ನಮ್ಮ ಗಾಡಿಯವರನ್ನು ನೋಡಿದೆ. ಎಲ್ಲರೂ ಸೀಟಿನ ಮೇಲೆ ನಿಂತು, ಎತ್ತಿದ ಛಾವಣಿಯ ಕೆಳಗಿಂದ ಕುತ್ತಿಗೆ ಚಾಚಿ, ಮೊಬೈಲ್ ಹಿಡಿದು, ಬಾಯಿ ತೆರೆದುಕೊಂಡಿದ್ದಾರೆ. ಪಕ್ಕದ ಗಾಡಿಯಲ್ಲೂ ಹಾಗೇ. ಅದರ ಆಚೆಯದರಲ್ಲೂ. ಆ ಹತ್ತು ನಿಮಿಷ ಯಾರೂ ಯಾರನ್ನೂ ನೋಡುತ್ತಿಲ್ಲ. ಮುಚ್ಚಿಕೊಳ್ಳೋಕೆ ಪೊದೆ ಯಾಕೆ ಬೇಕು? ಎಲ್ಲರ ಕಣ್ಣು ಒಂದೇ ಕಡೆ ಇದ್ದರೆ ಸಾಕು. ನೋಡದೇ ಇದ್ದವರು ಮ್ಝೇ ಒಬ್ಬರೇ. ಅವರು ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಿದ್ದರು, ನನ್ನ ಕಣ್ಣಿಗೆ ಕಣ್ಣು ಸಿಕ್ಕಿ ನಕ್ಕರು.

ಇನ್ನು ರಘು ಗಾಡಿಯಿಂದ ಇಳಿಯೋಕೆ ಒಂದು ನೆಪ ಬೇಕಿತ್ತು, ಯಾಕೆಂದರೆ ಕಂಡ ಕಂಡಲ್ಲಿ ಇಳಿಯುವಂತಿಲ್ಲ. ಆ ನೆಪವನ್ನೂ ಮಾರಾನೇ ಕೊಟ್ಟಿತು. ಒಂದಕ್ಕೆ ಹೋಗಬೇಕು ಅಂತ ತಮ್ಮ ಕೇಳಿದಾಗ, "ಕುಚಿಂಬಾ ದಾವಾ?" ಅಂದರು ಮ್ಝೇ. ಔಷಧಿ ಅಗೆಯೋದು ಅಂತ ಅರ್ಥ. ಬೇರು ನಾರು ಅಗೆದು ತರೋಕೆ ಪೊದೆಗೆ ಹೋಗಿದ್ದಾರೆ ಅಂತ ಮರ್ಯಾದೆಯ ಮಾತು. ನಮ್ಮಲ್ಲಿ ಕೆರೆ ಕಡೆ ಹೋಗಿ ಬರ್ತೀನಿ ಅಂತಿದ್ದರಲ್ಲ, ಹಾಗೆ. ಪ್ರಾಣಿ ಇಲ್ಲದ ಕಡೆ ನಿಲ್ಲಿಸಿ, ತಾವೇ ಮೊದಲು ಇಳಿದು ಸುತ್ತ ನೋಡಿ, ಆಮೇಲೆ ಗಾಡಿಯ ಹಿಂದೆ ಬಿಡುತ್ತಾರೆ. ಸರಿ, ನದಿ ದೃಶ್ಯ ಮುಗಿದ ಗಲಾಟೆಯಲ್ಲಿ ಎರಡು ಗಾಡಿ ಒಟ್ಟಿಗೆ ನಿಲ್ಲುತ್ತವೆ, ರಘು ಔಷಧಿ ಅಗೆಯೋಕೆ ಹೋಗುತ್ತಾನೆ.

ರೇಡಿಯೋ ವಿಷಯವೂ ಚೆನ್ನಾಗಿತ್ತು. ಡ್ರೈವರ್‌ಗಳು ಪ್ರಾಣಿ ಕಂಡರೆ ಒಬ್ಬರಿಗೊಬ್ಬರು ಹೇಳುತ್ತಾರೆ, ಆದರೆ ಸಿಂಬಾ ಅಂದರೆ ಟೂರಿಸ್ಟ್‌ಗಳಿಗೆ ಗೊತ್ತಾಗಿ ಕುಣಿಯುತ್ತಾರೆ, ಆಮೇಲೆ ಸಿಗದಿದ್ದರೆ ಮುಖ ಊದಿಸುತ್ತಾರೆ. ಅದಕ್ಕೆ ಅಡ್ಡಹೆಸರು. ಸಿಂಹಕ್ಕೆ ಶರುಬು, ಅಂದರೆ ಮೀಸೆ. ಆನೆಗೆ ಮಾಸಿಕಿಯೋ, ಕಿವಿಗಳು. ಕಥೆಯಲ್ಲಿ ರಘುವಿಗೂ ಡ್ರೈವರ್‌ಗಳು ಒಂದು ಅಡ್ಡಹೆಸರು ಇಟ್ಟಿರುತ್ತಾರೆ, ಅವನ ಎದುರೇ ಅವನ ಬಗ್ಗೆ ಮಾತಾಡುತ್ತಾರೆ, ಅವನಿಗೆ ಗೊತ್ತಾಗಲ್ಲ. ಅದೇನು ಹೆಸರು ಅಂತ ಹೇಳಿದರೆ ಕಥೆ ಕೆಡುತ್ತೆ.

ಇಷ್ಟೆಲ್ಲ ಸಿಕ್ಕರೂ ಅಕ್ಕನ ಪ್ರಶ್ನೆ ಹಾಗೇ ಇತ್ತು, ವಿನಯನ ಗುಟ್ಟು ಹೇಗೆ ಬಯಲಾಗಬೇಕು? ಮೊದಲ ಡ್ರಾಫ್ಟ್‌ನಲ್ಲಿ ಅವನು ಕುಡಿದು ಬಾಯಿಬಿಡುತ್ತಿದ್ದ. ಕುಡಿದು ಬಾಯಿಬಿಡೋದು ಅಂದರೆ ಬರೆಯೋನಿಗೆ ಬೇರೆ ದಾರಿ ಹೊಳೆಯಲಿಲ್ಲ ಅಂತಲೇ. ಉತ್ತರ ಸಿಕ್ಕಿದ್ದು ವಾಪಸ್ ಬರುವಾಗ ಮುಂಬೈ ವಿಮಾನ ನಿಲ್ದಾಣದಲ್ಲಿ. ಕೀನ್ಯಾದಿಂದ ಬಂದವರೆಲ್ಲ ಇಮಿಗ್ರೇಷನ್‌ಗೆ ಮುಂಚೆ ಆರೋಗ್ಯ ಇಲಾಖೆಯ ಕೌಂಟರ್‌ನಲ್ಲಿ ಹಳದಿ ಪುಸ್ತಕ ತೋರಿಸಬೇಕು. ಬೆಳಗಿನ ಜಾವ, ನಿದ್ದೆಗಣ್ಣು, ಉದ್ದ ಸಾಲು. ನನ್ನ ಮುಂದಿದ್ದವರೊಬ್ಬರ ಪುಸ್ತಕ ಮಾಸಿ, ಮೂಲೆ ಮಡಚಿ, ಬಣ್ಣ ಹೋಗಿತ್ತು. ನಮ್ಮದು ಹೊಚ್ಚ ಹೊಸದು. ಇಷ್ಟು ಹಳೇದು ನಡೆಯುತ್ತಾ ಅಂತ ನಮ್ಮವರು ಕೇಳಿದರು. ಅವರು ಹೇಳಿದರು, 2016ರಿಂದ ಈ ಲಸಿಕೆಗೆ ಜೀವನಪೂರ್ತಿ ಮಾನ್ಯತೆ, ಮೊದಲಿನ ಹಾಗೆ 10 ವರ್ಷಕ್ಕೆ ಮುಗಿಯಲ್ಲ, ನಾನು ಹಾಕಿಸಿದ್ದು 2014ರಲ್ಲಿ.

ಸಾಲಿನಲ್ಲೇ ಕೂತುಬಿಡೋಣ ಅನಿಸಿತು. ವಿನಯ ಎಲ್ಲರಿಗೂ ಹೇಳಿದ್ದಾನೆ, ನಾನೂ ಇದೇ ಮೊದಲ ಸಲ ಆಫ್ರಿಕಾಕ್ಕೆ ಬರ್ತಿರೋದು ಅಂತ. ಲಸಿಕೆಗೆ ಎಲ್ಲರೂ ಗುಂಪಾಗಿ ಹೋದ ದಿನ ಅವನು ಬರಲಿಲ್ಲ, ಆಫೀಸಿನವರ ಜೊತೆ ಹಾಕಿಸಿಕೊಂಡೆ ಅಂದ. ಅದು 3ನೇ ಅಧ್ಯಾಯದಲ್ಲಿ, ಒಂದೇ ಸಾಲು, ಒಂದು ಜೋಕಿನ ಕೆಳಗೆ ಮುಚ್ಚಿಟ್ಟಿದ್ದೇನೆ. ವಾಪಸ್ ಬಂದಾಗ, ಹತ್ತು ಜನ ಸಾಲಿನಲ್ಲಿ ನಿಂತಾಗ, ಶಾಲಿನಿಯ ಮುಂದೆ ವಿನಯ. ಅವನ ಕೈಯಲ್ಲಿ ಬಣ್ಣ ಹೋದ ಹಳದಿ ಪುಸ್ತಕ. ಅವಳು ತಾರೀಕು ಓದುತ್ತಾಳೆ, ಏನೂ ಹೇಳಲ್ಲ. ಇಲ್ಲಿವರೆಗೆ ಓದುಗರಿಗೆ ಶಾಲಿನಿಯ ಮೇಲೇ ಅನುಮಾನ ಇರುತ್ತೆ. ಇಲ್ಲಿಂದ ಅವಳು ಪ್ರೀಮಿಯಂ ಕಟ್ಟೋಕೆ ಶುರು ಮಾಡುತ್ತಾಳೆ. ಯಾಕೆ ಅನ್ನೋದು ಪುಸ್ತಕದ ದ್ವಿತೀಯಾರ್ಧ.

ಬರವಣಿಗೆಗೆ ಹನ್ನೊಂದು ತಿಂಗಳು ಹಿಡಿಯಿತು, ಅದರ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಡಬ್ಬಿ ಕಟ್ಟೋ ಮುಂಚೆ ಒಂದು ಗಂಟೆ. ಉಪಯೋಗಕ್ಕೆ ಬಂದಿದ್ದು ಒಂದು ದೊಡ್ಡ ಹಾಳೆ, ಆಫೀಸಿನ ಹಳೆ ಫಾರಂಗಳ ಬೆನ್ನಿಗೆ ಅಂಟು ಹಚ್ಚಿ ಮಾಡಿದ್ದು. ಮೇಲೆ ಹನ್ನೊಂದು ಹೆಸರು, ಪಕ್ಕಕ್ಕೆ ಅಧ್ಯಾಯ, ಪ್ರತಿ ಮನೆಯಲ್ಲಿ ಆ ಹೊತ್ತಿಗೆ ಅವರಿಗೆ ಏನು ಗೊತ್ತು ಅಂತ. ಯಾರು ಏನು ಮಾಡಿದರು ಅಂತ ಅಲ್ಲ, ಏನು ಗೊತ್ತು ಅಂತ. ಹನ್ನೆರಡನೇ ಸಾಲು ಓದುಗರದು. ಆ ಸಾಲು ಎಲ್ಲಿ ಖಾಲಿ ಬಿಡಬೇಕು ಅನ್ನೋದರಲ್ಲೇ ನನ್ನ ಅರ್ಧ ಬೆಳಗುಗಳು ಹೋದವು. ಮೊದಲ 60 ಪುಟದಲ್ಲಿ ಬರೀ ಗೆಳೆತನ ಇದೆ, ಹಾಸ್ಟೆಲ್ ನೆನಪು, ಒಬ್ಬರ ಮದುವೆಯಲ್ಲಿ ಇನ್ನೊಬ್ಬರು ಬಡಿಸಿದ್ದು, ಇಂಥದ್ದೇ. ಓದಿದ ಒಬ್ಬರು ಬೋರು, ಕತ್ತರಿಸಿ ಅಂದರು. ಕತ್ತರಿಸಲಿಲ್ಲ. ವಿನಯನನ್ನು ಓದುಗರು ಮೊದಲು ಮನೆಯವನು ಅಂದುಕೊಳ್ಳದಿದ್ದರೆ ಅವನು ದ್ರೋಹ ಮಾಡಿದ್ದು ಯಾರಿಗೆ ತಾಗುತ್ತೆ?

ಅಕ್ಕ ಎರಡನೇ ಸಲ ಓದಿ 24ನೇ ಅಧ್ಯಾಯದವರೆಗೆ ತಪ್ಪು ಮನುಷ್ಯನನ್ನೇ ಹಿಡಿದುಕೊಂಡಿದ್ದಳು. ಮುಗಿಯಿತು ಅಂದುಕೊಂಡೆ. ಪ್ರಕಾಶಕರಿಗೆ ಕಳಿಸೋ ಮುಂಚೆ ಸುಮ್ನೆ, ಮರ್ಯಾದೆಗೆ ಅಂತ, ತಮ್ಮನಿಂದ ಕಥೆಯ ಸಾರಾಂಶ ಬರೆಸಿ ಮ್ಝೇಗೆ ಕಳಿಸಿದೆ. ನಾಲ್ಕು ದಿನ ಸದ್ದಿಲ್ಲ. ಐದನೇ ದಿನ ವಾಟ್ಸಾಪ್‌ಗೆ ಧ್ವನಿ ಸಂದೇಶ ಬಂತು, ಹಿಂದೆ ಗಾಡಿಯ ಸದ್ದು, ಯಾರೋ ಮಕ್ಕಳ ಗಲಾಟೆ. ಚೆನ್ನಾಗಿದೆ, ಗುಂಡಿ ವಿಷಯ ಸರಿಯಾಗಿದೆ ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಒಂದೇ ಪ್ರಶ್ನೆ.

"ಆ ಡ್ರೈವರ್ ಎಣಿಸಲಿಲ್ಲವಾ?"

ಹಾಳೆ ಬಿಚ್ಚಿ ನೋಡಿದೆ. ಹನ್ನೊಂದು ಹೆಸರಿಗೆ ಹನ್ನೊಂದು ಸಾಲು, ಓದುಗರಿಗೆ ಒಂದು, ಅಸ್ಕಾರಿಗೆ ಆಮೇಲೆ ಪೆನ್ಸಿಲ್‌ನಲ್ಲಿ ಸೇರಿಸಿದ್ದು ಒಂದು. ಡ್ರೈವರ್‌ಗೆ ಸಾಲೇ ಇರಲಿಲ್ಲ. ಹೆಸರೂ ಇರಲಿಲ್ಲ, 300 ಪುಟದಲ್ಲಿ ಡ್ರೈವರ್, ಡ್ರೈವರ್ ಅಂತಲೇ ಬರೆದಿದ್ದೆ. ಮೂರು ದಿನ ದಿನಕ್ಕೆ ಹತ್ತು ಸಲ ನನ್ನನ್ನೇ ಎಣಿಸಿದವರ ಗಾಡಿಯಲ್ಲಿ ಕೂತಿದ್ದವಳು ನಾನು.

ಈಗ ಆ ಅಧ್ಯಾಯ ಮತ್ತೆ ಬರೆಯುತ್ತಿದ್ದೇನೆ. ಡ್ರೈವರ್ ಎಣಿಸುತ್ತಾನೆ. ಒಬ್ಬರು ಕಡಿಮೆ ಅಂತ ಹೇಳುತ್ತಾನೆ. ವಿನಯ ನಗುತ್ತಾ ಅವನ ಭುಜ ತಟ್ಟಿ, ರಘು ಆ ಗಾಡಿಗೆ ಹತ್ತಿದ, ನಾನೇ ನೋಡಿದೆ, ಹೊರಡು ಅನ್ನುತ್ತಾನೆ. ಡ್ರೈವರ್ ಕನ್ನಡಿಯಲ್ಲಿ ಇನ್ನೊಂದು ಸಲ ನೋಡುತ್ತಾನೆ. ಕೀ ತಿರುಗಿಸುತ್ತಾನೆ. ಅವನಿಗೆ ಹೆಸರು ಇನ್ನೂ ಸಿಕ್ಕಿಲ್ಲ, ತಮ್ಮನಿಗೆ ಕೇಳಿದ್ದೇನೆ.